ತೋಳಿನ ಬಣ್ಣ

ಬೋರಮ್ಮನಿಗೆ ಒಂದು ಮುಖ ಬೇಕಾಗಿತ್ತು. ಒಂದೇ ಒಂದು.

ಸಿನಿಮಾದಲ್ಲಿ ನಟಿಸುವವರ ಮುಖ. ಹಣೆಯಿಂದ ಕತ್ತಿನವರೆಗೆ, ಮೊದಲ ಬಣ್ಣದಿಂದ ಕೊನೆಯ ಪೌಡರಿನವರೆಗೆ, ಅವಳ ಕೈಯಲ್ಲೇ ಆದ ಮುಖ. ಹಾಗೆ ಆಗಿದೆ ಎಂದು ಮೇಕಪ್ ಯಜಮಾನರು ಒಂದು ಕಾಗದ ಬರೆದುಕೊಟ್ಟರೆ ಮದರಾಸಿನ ಮೇಕಪ್‌ನವರ ಸಂಘದಿಂದ ಕಾರ್ಡು ಬರುತ್ತಿತ್ತು. ಕಾರ್ಡು ಇದ್ದರೆ ಯಾವ ಸ್ಟುಡಿಯೋದ ಬಾಗಿಲಲ್ಲಾದರೂ ನಿಂತು 'ನಾನು ಮೇಕಪ್‌ನವಳು' ಎನ್ನಬಹುದಿತ್ತು. ಇಲ್ಲದಿದ್ದರೆ ಅವಳು ಬಣ್ಣ ಅರೆಯುವವಳು, ಅಷ್ಟೇ. ನಾಟಕದ ಕಂಪನಿಯಲ್ಲಿ ಐದು ವರ್ಷ, ಸ್ಟುಡಿಯೋದಲ್ಲಿ ಆರು ವರ್ಷ, ಒಟ್ಟು ಹನ್ನೊಂದು ವರ್ಷ ಅರೆದಳು. ಒಂದು ಮುಖವನ್ನೂ ಮುಟ್ಟಲಿಲ್ಲ. ಮುಟ್ಟಗೊಡಲಿಲ್ಲ.

ನಾನು ಕಂಡದ್ದನ್ನು ಬರೆಯುತ್ತೇನೆ. ಮಾಡಿದ್ದನ್ನೂ ಬರೆಯುತ್ತೇನೆ.

ಸಾವಿರದ ಒಂಬೈನೂರ ಐವತ್ತೇಳು. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೆ. ಅಪ್ಪ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅರಮನೆಯ ಕೆಲಸಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ. ನಜರಬಾದಿನಾಚೆ ಯಾರದೋ ಹಳೆಯ ಕುದುರೆ ಲಾಯವನ್ನು ಸ್ಟುಡಿಯೋ ಮಾಡಿದ್ದರು. ಅಲ್ಲಿ ಸಂಭಾಷಣೆಗಳನ್ನು ಟೈಪು ಮಾಡುವ ಕೆಲಸ ನನಗೆ ಸಿಕ್ಕಿತು. 'ನಾಗಮಣಿ ಸಿನಿಮಾಕ್ಕೆ ಸೇರಿದಳಂತೆ' ಎಂದು ಬೀದಿಯವರು ಆಡಿಕೊಂಡರು. ನಾನು ಸೇರಿದ್ದು ಒಂದು ಟೈಪ್‌ರೈಟರಿಗೆ, ಒಂದು ಕಿಟಕಿಗೆ. ಆ ಕಿಟಕಿಯಿಂದ ಮೇಕಪ್ ಕೋಣೆಯ ಹಿಂಬಾಗಿಲು ಕಾಣುತ್ತಿತ್ತು. ಬಾಗಿಲ ಹೊರಗೆ ಬೋರಮ್ಮ ಕಾಣುತ್ತಿದ್ದಳು.

ಮೂವತ್ತರ ಹೆಂಗಸು. ಅಶೋಕಪುರದಿಂದ ನಡೆದು ಬೆಳಗ್ಗೆ ಆರಕ್ಕೆ ಬರುತ್ತಿದ್ದಳು. ಗಂಜಿ ಹಾಕಿ ಒಗೆದ ಬಿಳಿಯ ಸೀರೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಗಂಟು. ಅವಳ ಅಪ್ಪ ನಿಂಗಯ್ಯ ನಾಟಕದ ಕಂಪನಿಗೆ ಬಣ್ಣ ಅರೆಯುತ್ತಿದ್ದವನು. ಅವನು ಸತ್ತ ಮೇಲೆ ಅವನ ಕಲ್ಲನ್ನು ತಲೆಯ ಮೇಲೆ ಹೊತ್ತು ಸ್ಟುಡಿಯೋಕ್ಕೆ ತಂದಿದ್ದಳು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂರು ಗಂಟೆ ಹೊತ್ತು ಅರೆಯುವಳು. ಕಾವಿ, ಸಫೇದ ಎನ್ನುವ ಬಿಳಿಪುಡಿ, ಹಳದಿ ಮಣ್ಣು, ಕಾಡಿಗೆ. ಬೆರಳಿಗೆ ನುಣುಪು ಅನಿಸಿದ್ದು ಕೆನ್ನೆಗೆ ತರಿಯಾಗುತ್ತದೆ ಎನ್ನುವಳು. ಆದ್ದರಿಂದ ಬೆರಳನ್ನು ನಂಬದೆ ಎಡದೋಳಿನ ಒಳಮೈಗೆ ಸವರಿ ನೋಡುವಳು. ನಾಟಕದ ಕಾಲದಲ್ಲಿ ಅರದಾಳವೆಂಬ ಉರಿಯುವ ಹಳದಿ ಕಲ್ಲಿನ ಪುಡಿ ಸವರಿ ಸವರಿ ಅಲ್ಲಿ ಅಂಗೈಯಗಲ ಚರ್ಮ ಸುಲಿದು ದೊರಗಾಗಿತ್ತು.

ಅರೆದ ಬಣ್ಣವನ್ನು ಬಟ್ಟಲಿಗೆ ತುಂಬಿ ಹೊಸ್ತಿಲಿನ ಮೇಲೆ ಇಡುತ್ತಿದ್ದಳು. ಒಳಗಿನಿಂದ ಬಿಂದುಮಾಧವರಾಯರು ತೆಗೆದುಕೊಳ್ಳುತ್ತಿದ್ದರು. ಅವರೇ ಮೇಕಪ್ ಯಜಮಾನರು. ಕೆಟ್ಟವರಲ್ಲ. ಬೋರಮ್ಮನಿಗೆ ಕಾಫಿ ತಪ್ಪಿಸುತ್ತಿರಲಿಲ್ಲ. ಕಿಟಕಿಯಲ್ಲಿ ಅವಳದೇ ಒಂದು ಗಾಜಿನ ಲೋಟವಿತ್ತು. ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅದು ಅವಳ ಮೇಲಿನ ಪ್ರೀತಿ ಎಂದು ನಾನು ಬಹಳ ದಿನ ತಿಳಿದಿದ್ದೆ.

ಮಧ್ಯಾಹ್ನ ಹೊಂಗೆಯ ಮರದ ಕೆಳಗೆ ಅವಳ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದೆ. ನನ್ನ ಡಬ್ಬಿ ನನಗೆ, ಅವಳ ಡಬ್ಬಿ ಅವಳಿಗೆ. ಅವಳು ಎಂದೂ 'ತಗೊಳ್ಳಿ' ಎನ್ನಲಿಲ್ಲ. ನಾನೂ ಕೇಳಲಿಲ್ಲ. ಪಕ್ಕದಲ್ಲಿ ಕೂತದ್ದೇ ದೊಡ್ಡದು ಎಂದು ಇಬ್ಬರಿಗೂ ಅನಿಸಿರಬೇಕು.

ಆ ವರ್ಷ ಅನಂತಪದ್ಮನಾಭ ಎನ್ನುವವರು ಚಿತ್ರ ತೆಗೆಯಲು ಬಂದರು. ನಿರ್ಮಾಪಕರೂ ಅವರೇ, ನಿರ್ದೇಶಕರೂ ಅವರೇ. ಖಾದಿ ತೊಡುತ್ತಿದ್ದರು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಬೋರಮ್ಮನನ್ನು 'ಬೋರಮ್ಮನವರೇ' ಎಂದು ಕರೆದ ಮೊದಲ ಮನುಷ್ಯ ಅವರು. ಚಿತ್ರದ ಕಥೆ ಕೇರಿಯ ಹುಡುಗಿಯೊಬ್ಬಳದು. ಊರ ಬಾವಿಯ ನೀರು ಸೇದಿದ್ದಕ್ಕೆ ಊರವರು ಅವಳನ್ನು ಹೊಡೆಯುತ್ತಾರೆ. ಆ ಸಂಭಾಷಣೆಗಳನ್ನು ಟೈಪು ಮಾಡುತ್ತಾ ನಾನು ಅತ್ತಿದ್ದೇನೆ. ಹುಡುಗಿಯ ಪಾತ್ರಕ್ಕೆ ಪ್ರೇಮಲೀಲಾ ಬಂದಳು. ಹಾಲಿನಂಥ ಬಣ್ಣ ಅವಳದು. ಅವಳನ್ನು ಕಪ್ಪು ಮಾಡಬೇಕಾಗಿತ್ತು.

ರಾಯರು ನಾಟಕದ ಅಭ್ಯಾಸದಂತೆ ಕಾಡಿಗೆ ಬೆರೆಸಿ ಬಳಿದರು. ಮೊದಲ ರೀಲು ಮದರಾಸಿನಲ್ಲಿ ತೊಳೆದು ಬಂತು. ಲಾಯದ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ನೋಡಿದೆವು. ಪ್ರೇಮಲೀಲಾಳ ಕಣ್ಣು ಬಿಟ್ಟರೆ ಏನೂ ಇರಲಿಲ್ಲ. ಮೂಗಿಲ್ಲ, ಕೆನ್ನೆಯಿಲ್ಲ.

"ಏನ್ರೀ ರಾಯರೇ ಇದು? ಹುಡುಗೀನೋ, ಇದ್ದಿಲು ಮೂಟೆನೋ?" ಎಂದರು ಅನಂತಪದ್ಮನಾಭ.

"ಕಪ್ಪು ಅಂದ್ರಿ, ಕಪ್ಪು ಹಾಕ್ದೆ ಸಾರ್. ಸ್ಟೇಜಿನ ಮೇಲೆ ಇದೇ ನಡೀತಿತ್ತು."

ಬಾಗಿಲ ಹೊರಗಿನಿಂದ ಒಂದು ನಗು ಕೇಳಿತು. ಎಲ್ಲರೂ ತಿರುಗಿದರು.

"ನಗಾಡ್ದೆ, ತಪ್ಪಾಯ್ತು ಬುದ್ಧಿ," ಎಂದಳು ಬೋರಮ್ಮ. "ನಮ್ ಮೈ ಕಪ್ಪು ಅಂತ ಯಾರೇಳಿದ್ರು? ಒಳಗೆ ಕೆಂಪದೆ. ಅದರ ಮ್ಯಾಕೆ ಹಳದಿ ಅದೆ. ಆಮ್ಯಾಕೆ ಒಸಿ ಕಪ್ಪು. ನೀವು ದೂರದಿಂದ ನೋಡ್ಬುಟ್ಟು ಕಪ್ಪು ಅಂತೀರ."

"ನಿಮ್ಮ ಕೈಲಾಗತ್ತಾ?" ಎಂದರು ಅನಂತಪದ್ಮನಾಭ.

"ಆಯ್ತದೆ."

ಎರಡು ದಿನ ಅರೆದಳು. ಬೆರೆಸುವಳು, ತೋಳಿಗೆ ಸವರುವಳು, ಬಿಸಿಲಿಗೆ ಹಿಡಿಯುವಳು, ಒರೆಸುವಳು. ಅರದಾಳ ಹಾಕಿದರೆ ಬೇಗ ಆಗುತ್ತದಲ್ಲವೇ ಎಂದು ರಾಯರು ಹೊಸ್ತಿಲಿನಿಂದ ಕೇಳಿದರು. "ಆ ಮಗೀನ ಮುಖ ಉರೀತದೆ ಬುಡಿ ಬುದ್ಧಿ. ನನ್ ತೋಳು ನೋಡಿ," ಎಂದಳು. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಕಿಟಕಿಯಿಂದ ಕೂಗಿದಳು.

"ಅಮ್ಮಾರೇ, ಬನ್ನಿ ಇಲ್ಲಿ. ಬಣ್ಣ ಎಲ್ಲದೆ ಹೇಳಿ."

ತೋಳು ಚಾಚಿದಳು. ನೋಡಿದೆ. ಏನೂ ಕಾಣಲಿಲ್ಲ.

"ಹಚ್ಚೇ ಇಲ್ವಲ್ಲ ಬೋರಮ್ಮ."

"ಹಚ್ಚಿವ್ನಿ!" ಎಂದು ಚಪ್ಪಾಳೆ ತಟ್ಟಿ ನಕ್ಕಳು. "ಮೊಣಕೈಯಿಂದ ಮಣಿಕಟ್ಟಿನ ತನಕ ಹಚ್ಚಿವ್ನಿ ಕಣಮ್ಮಾರೇ. ಮೈಯೊಳಗೆ ಬಣ್ಣ ಮಾಯ ಆಗ್ಬೇಕು. ಆಗ ಸರಿ ಅಂತ ಲೆಕ್ಕ. ನಮ್ಮಪ್ಪ ಹೇಳಿಕೊಟ್ಟಿದ್ದು."

ಅವಳಿಗೆ ಓದು ಬರಹ ಇರಲಿಲ್ಲ. ಮರೆತುಹೋದೀತೆಂದು ನನ್ನ ಪುಸ್ತಕದಲ್ಲಿ ಬರೆಸಿದಳು. ಕಾವಿ ಇಷ್ಟು ಪಾಲು, ಹಳದಿ ಮಣ್ಣು ಇಷ್ಟು ಪಾಲು, ಸಫೇದ ಇಷ್ಟು, ಕಾಡಿಗೆ ಕಡ್ಡಿಯ ತುದಿಯಲ್ಲಿ ಎಷ್ಟು ಸಲ, ಹರಳೆಣ್ಣೆ ಎಷ್ಟು ಹನಿ. ಬರೆಸುವಾಗ ಒಂದು ಕಡೆ ತಡೆದಳು. ನನ್ನ ಮುಖ ನೋಡಿದಳು. ಆಮೇಲೆ ಮುಂದುವರಿಸಿದಳು. "ಯಾರಿಗೂ ತೋರಿಸ್ಬ್ಯಾಡಿ. ಇದೊಂದೇ ನನ್ ತಾವ ಇರೋದು," ಎಂದಳು. ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ.

ಎರಡನೆಯ ರೀಲಿಗೆ ಮುಂಚೆ ರಾಯರು ಎಲ್ಲರ ಎದುರಿಗೂ ಹೇಳಿದರು: "ಬಣ್ಣ ನಿಂದು ಬೋರಿ. ಈ ಮುಖಾನೂ ನಿಂದೇ. ಶುಕ್ರವಾರ ನೀನೇ ಕೂರಿಸಿ ಮಾಡು. ಕಾಗದ ನಾನು ಬರೆದುಕೊಡ್ತೀನಿ."

ಶುಕ್ರವಾರ ಬೋರಮ್ಮ ತೆಂಗಿನಕಾಯಿ, ಮಲ್ಲಿಗೆ ತಂದಳು. ಹೊಸದಾಗಿ ಮುಖ ಹಿಡಿಯುವವರು ಬಣ್ಣದ ಪೆಟ್ಟಿಗೆಗೆ ಪೂಜೆ ಮಾಡಿ ಕಾಯಿ ಒಡೆಯುವುದು ಪದ್ಧತಿ. ಕೈಯನ್ನು ಸೀಗೆಪುಡಿಯಲ್ಲಿ ಮೂರು ಸಲ ತೊಳೆದಿದ್ದಳು. ಉಗುರು ಕತ್ತರಿಸಿದ್ದಳು. ಕನ್ನಡಿಯ ಸುತ್ತಲಿನ ದೀಪಗಳೆಲ್ಲ ಹತ್ತಿದ್ದವು. ಪ್ರೇಮಲೀಲಾ ಕುರ್ಚಿಯಲ್ಲಿ ಕೂತಿದ್ದಳು. ಬೋರಮ್ಮ ಹೊಸ್ತಿಲಿನ ಮೇಲೆ ಕಾಲೆತ್ತಿದಳು.

"ನಿಲ್ಲು," ಎಂದಳು ಪ್ರೇಮಲೀಲಾಳ ತಾಯಿ. ರಾಯರ ಕಡೆ ತಿರುಗಿದಳು. "ಏನ್ರೀ ಆಗಿದೆ ನಿಮ್ಗೆಲ್ಲ? ಹುಡುಗಿ ಸ್ನಾನ, ಪೂಜೆ ಮುಗಿಸಿ ಬಂದಿದ್ದಾಳೆ. ಆ ಕೈ ಮುಖದ ಮೇಲೆ ಬೀಳೋದಾ?"

"ಬಣ್ಣ ಅವಳದೇ ಅಲ್ವೇ ತಾಯಿ," ಎಂದರು ರಾಯರು.

"ಬಣ್ಣ ಬೇರೆ, ಕೈ ಬೇರೆ. ಇವಳು ಒಳಗೆ ಬಂದ್ರೆ ನಾವು ಹೊರಗೆ ಹೋಗ್ತೀವಿ."

ಪ್ರೇಮಲೀಲಾ ಕನ್ನಡಿಯಲ್ಲೇ ಬೋರಮ್ಮನನ್ನು ನೋಡಿದಳು. ಹುಡುಗಿಯ ಕಣ್ಣು ತುಂಬಿತು. ಅದನ್ನು ನಾನು ಗಮನಿಸಿದೆ. ಅವಳು ಮಾತಾಡಲಿಲ್ಲ. ಅದನ್ನೂ ಗಮನಿಸಿದೆ.

ಅನಂತಪದ್ಮನಾಭ ಬೋರಮ್ಮನನ್ನು ಜಗುಲಿಗೆ ಕರೆದರು. ತಾವೇ ಒಂದು ಕುರ್ಚಿ ಎಳೆದು ಹಾಕಿದರು.

"ಕೂತ್ಕೊಳ್ಳಿ ಬೋರಮ್ಮನವರೇ. ನನಗೆ ನಾಚಿಕೆ ಆಗ್ತಿದೆ. ಆದ್ರೆ ಯೋಚನೆ ಮಾಡಿ. ಈ ಚಿತ್ರ ಇರೋದೇ ನಿಮ್ಮವರ ಪರವಾಗಿ. ಈ ಒಂದು ವಿಷಯಕ್ಕೆ ಚಿತ್ರ ನಿಂತುಹೋದ್ರೆ ನಷ್ಟ ಯಾರಿಗೆ? ಹರಿಜನರಿಗೇ ಅಲ್ವೇ? ಮುಂದಿನ ಚಿತ್ರದಲ್ಲಿ ಖಂಡಿತ ನೋಡೋಣ."

"ಆಯ್ತು ಬುದ್ಧಿ," ಎಂದಳು. ಕೂರಲಿಲ್ಲ.

ಅವಳು ತಂದ ಕಾಯಿಯನ್ನು ರಾಯರು ಒಡೆದರು. ಒಂದು ಚೂರನ್ನು ಹೊಸ್ತಿಲಿನ ಮೇಲೆ ಅವಳಿಗೆಂದು ಇಟ್ಟರು.

ಬಟ್ಟಲಿನ ಬಣ್ಣ ಮುಖದ ಮೇಲೆ ಬೇರೆಯಾಗಿ ಕಾಣುತ್ತದೆ. ಎಷ್ಟು ತೆಳು, ಎಷ್ಟು ದಪ್ಪ ಎಂದು ರಾಯರಿಗೆ ತಿಳಿಯಲಿಲ್ಲ. ಹೋಲಿಸಿ ನೋಡಲು ತೋಳು ಬೇಕಾಯಿತು. ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದರು. ಬೋರಮ್ಮ ಹೊಸ್ತಿಲಿನ ಹೊರಗೆ ನಿಂತು ತೋಳನ್ನು ಒಳಗೆ ಚಾಚಿದಳು. ಅವಳು ಹೊರಗೆ, ತೋಳು ಒಳಗೆ. ರಾಯರು ಒಮ್ಮೆ ತೋಳು ನೋಡುವರು, ಒಮ್ಮೆ ಕೆನ್ನೆಗೆ ಸ್ಪಂಜು ಒತ್ತುವರು. ದಿನಾ ಒಂದೂವರೆ ಗಂಟೆ. ಹೀಗೆ ಹತ್ತೊಂಬತ್ತು ದಿನ. ಮೊದಮೊದಲು ಬೆರಳು ನಡುಗುತ್ತಿತ್ತು, ಆಮೇಲೆ ಭುಜ. "ಅಲ್ಲಾಡಿಸ್ಬೇಡ ಕಣೇ," ಎನ್ನುವರು ರಾಯರು. ತಾಯಿ ಪಕ್ಕದಲ್ಲೇ ಕೂತು, ತೋಳು ಮಗಳ ಭುಜಕ್ಕೆ ತಾಗದ ಹಾಗೆ ನೋಡಿಕೊಳ್ಳುವಳು.

ನಾನು ಮನೆಯಿಂದ ಒಂದು ಮೆತ್ತೆ ತಂದೆ. ಸ್ಟೂಲಿನ ಮೇಲಿಟ್ಟು ಅವಳ ತೋಳಿಗೆ ಆಸರೆ ಮಾಡಿದೆ. "ನಿಮ್ ಹೊಟ್ಟೆ ತಣ್ಣಗಿರ್ಲಿ ಅಮ್ಮಾರೇ," ಎಂದಳು. ಆ ದಿನವೆಲ್ಲ ನನಗೆ ಸಂತೋಷವಾಗಿತ್ತು. ಹೊಸ್ತಿಲಿನ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ಮೆತ್ತೆ ತಂದೆ.

ಇಪ್ಪತ್ತನೆಯ ದಿನ ಬೆಂಗಳೂರಿನಿಂದ ಪತ್ರಿಕೆಯ ಫೋಟೋಗ್ರಾಫರ್ ಬಂದ. ಅನಂತಪದ್ಮನಾಭರಿಗೆ ಒಂದು ಯೋಚನೆ ಬಂತು. ಕೇರಿಯ ಹುಡುಗಿಯಾಗಿ ನಿಂತ ಪ್ರೇಮಲೀಲಾ, ಅವಳ ಪಕ್ಕದಲ್ಲಿ ನಿಜವಾದ ಕೇರಿಯ ಹೆಣ್ಣು. ಕೆಳಗೆ 'ಪಾತ್ರ ಮತ್ತು ಸತ್ಯ' ಎಂಬ ಮಾತು. ಬೋರಮ್ಮನನ್ನು ಕರೆದರು. ಅವಳು ಸೆರಗು ಸರಿಪಡಿಸಿಕೊಂಡು ಬಂದು ಮಾರು ದೂರದಲ್ಲಿ ನಿಂತಳು.

ಫೋಟೋಗ್ರಾಫರ್ ಕ್ಯಾಮರಾದಿಂದ ತಲೆ ಎತ್ತಿದ.

"ಸಾರ್, ಇವ್ರು ಸ್ಕೂಲ್ ಟೀಚರಮ್ಮನ ಥರ ಕಾಣ್ತಾರೆ. ಕೇರಿಯವ್ರು ಅಂತ ಗೊತ್ತಾಗ್ಬೇಕಲ್ಲ?"

ಯಾರೋ ನಕ್ಕರು. ಅನಂತಪದ್ಮನಾಭ ಬೋರಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಮೊದಲ ಸಲ ನೋಡಿದವರ ಹಾಗೆ ನೋಡಿದರು.

"ನಿಜ. ಬೋರಮ್ಮನವರೇ, ಆ ಸೀರೆ ಬೇಡ. ಉಡುಪಿನ ಕೋಣೇಲಿ ಹರಿದ ಸೀರೆ ಇದೆ, ಪ್ರೇಮಲೀಲಾಗೆ ಹೊಲಿಸಿದ್ದು. ತಲೆ ಸ್ವಲ್ಪ ಕೆದರ್ಕೊಳ್ಳಿ. ರಾಯರೇ, ಮುಖಕ್ಕೆ ಒಂದಿಷ್ಟು ಬೂದಿ, ಮಸಿ."

ರಾಯರು ಸ್ಪಂಜು ತೆಗೆದುಕೊಂಡು ಎರಡು ಹೆಜ್ಜೆ ಬಂದರು. ನಿಂತರು. ಅವಳ ಮುಖ ಎದುರಿಗಿತ್ತು. ಅದನ್ನು ಅವರು ಮುಟ್ಟಬೇಕಾಗಿತ್ತು. ಹನ್ನೊಂದು ವರ್ಷದ ಪರಿಚಯ. ಸ್ಪಂಜನ್ನು ಕೆಳಗಿಳಿಸಿದರು.

"ಬೋರಿ, ನೀನೇ ಹಚ್ಕೊಳ್ಳೇ. ಒಳಗೆ ಬಾ, ಪರ್ವಾಗಿಲ್ಲ. ಕನ್ನಡಿ ಇದೆ."

ಬೋರಮ್ಮ ಹೊಸ್ತಿಲು ದಾಟಿದಳು. ಯಾರೂ ತಡೆಯಲಿಲ್ಲ. ಪ್ರೇಮಲೀಲಾಳ ತಾಯಿಯೂ ತಡೆಯಲಿಲ್ಲ. ಕುರ್ಚಿಯಲ್ಲಿ ಕೂತಳು. ರಾಯರು ದೀಪಗಳನ್ನು ಹಾಕಿದರು. ಸ್ಪಂಜನ್ನು ಮೇಜಿನ ಮೇಲೆ ಇಟ್ಟು ಹಿಂದೆ ಸರಿದರು. ಅವಳು ಅದನ್ನು ಎತ್ತಿಕೊಂಡಳು. ಕನ್ನಡಿ ನೋಡಿದಳು.

ಬಹಳ ಹೊತ್ತು ನೋಡಿದಳು. ನಾವೆಲ್ಲ ಬಾಗಿಲಲ್ಲಿ ಕಾದೆವು.

"ಒಂದು ಮುಖ ಕೊಡಿ, ಒಂದು ಮುಖ ಕೊಡಿ ಅಂತ ಹನ್ನೊಂದು ವರ್ಷ ಕೇಳ್ದೆ," ಎಂದಳು. ಕನ್ನಡಿಗೆ ಹೇಳಿದಂತಿತ್ತು. "ಇವತ್ತು ಕೊಟ್ರಿ. ನಂದೇ ಕೊಟ್ರಿ. ಅದಕ್ಕೂ ಮಸಿ ಬಳಿ ಅಂತೀರಿ."

"ಬೇಗ ಕಣೇ. ಬೆಳಕು ಹೋಗತ್ತೆ," ಎಂದರು ರಾಯರು.

"ಬಳಿಯಾಕಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಎದ್ದಳು.

"ಈ ಸೀರೆ ನಾನು ಒಗೆದಿದ್ದು. ಈ ಮುಖ ನಾನು ತೊಳೆದಿದ್ದು. ಕೊಳೆ ಬೇಕು ಅಂದ್ರೆ ನಿಮ್ ನಿಮ್ಮನೇಲಿ ಹುಡುಕ್ಕೊಳ್ಳಿ."

ಬುದ್ಧಿ ಎನ್ನಲಿಲ್ಲ. ಆ ದಿನ ಯಾರಿಗೂ ಎನ್ನಲಿಲ್ಲ.

"ಬೋರಮ್ಮನವರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಜನರ ಕಷ್ಟ ಲೋಕಕ್ಕೆ ತೋರಿಸೋಕೆ..." ಎಂದು ಅನಂತಪದ್ಮನಾಭ ಮುಂದೆ ಬಂದರು.

"ಹತ್ತೊಂಬತ್ತು ದಿನ ಕೈ ಚಾಚ್ಕೊಂಡು ನಿಂತಿದ್ನಲ್ಲ. ಅದನ್ ತೋರಿಸಿ."

ಹೊರಗೆ ಬಂದು ಬಣ್ಣದ ದೊಡ್ಡ ಬಟ್ಟಲು ಎತ್ತಿದಳು. ಉಳಿದ ಚಿತ್ರಕ್ಕೆಲ್ಲ ಸಾಲುವಷ್ಟು ಅರೆದಿಟ್ಟ ಬಣ್ಣ. ಅಂಗಳಕ್ಕೆ ಸುರಿದಳು. ಮಣ್ಣಿನ ಮೇಲೆ ಅದು ಕಾಣಿಸಲೇ ಇಲ್ಲ. ಆಮೇಲೆ ಕಲ್ಲನ್ನು ಎತ್ತಲು ಬಗ್ಗಿದಳು. ಗೇಟಿನವನು ಓಡಿಬಂದು ಕಲ್ಲಿನ ಮೇಲೆ ಕಾಲಿಟ್ಟ. ಕಲ್ಲು ಸ್ಟುಡಿಯೋದ್ದು ಎಂದ. ಅದು ನಿಂಗಯ್ಯನದು ಎಂದು ರಾಯರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ರಾಯರು ನೆಲ ನೋಡಿದರು. ನಾನು ನನ್ನ ಕೋಣೆಗೆ ಹೋಗಿ ಟೈಪ್‌ರೈಟರಿನ ಮುಂದೆ ಕೂತೆ.

ಬೋರಮ್ಮ ಬರಿಗೈಯಲ್ಲಿ ಗೇಟು ದಾಟಿದಳು. ಪ್ರೇಮಲೀಲಾ ಅವಳ ಹಿಂದೆ ಓಡಿ ಮುಡಿಯಲ್ಲಿದ್ದ ಮಲ್ಲಿಗೆ ತೆಗೆದುಕೊಟ್ಟಳು. ಬೋರಮ್ಮ ತೆಗೆದುಕೊಂಡಳು. ಹುಡುಗಿಯ ಮನಸ್ಸು ನೋಯಬಾರದೆಂದು ತೆಗೆದುಕೊಂಡಳು ಎಂದು ಈಗ ತಿಳಿಯುತ್ತದೆ.

ಚಿತ್ರೀಕರಣ ಇನ್ನೂ ಹನ್ನೆರಡು ದಿನ ಉಳಿದಿತ್ತು. ರಾಯರು ಎರಡು ದಿನ ಹೆಣಗಿದರು. ಒಮ್ಮೆ ಇಟ್ಟಿಗೆಯ ಬಣ್ಣ ಬಂತು, ಒಮ್ಮೆ ಬೂದಿಯ ಬಣ್ಣ. ಹಳೆಯ ದೃಶ್ಯಗಳಿಗೆ ಹೊಂದಲಿಲ್ಲ. ಕೆಲಸ ನಿಂತಿತು. ಅವಳ ಮನೆಗೆ ಆಳು ಕಳಿಸಿದರು. ಕಾಗದ ಬರೆದುಕೊಡುತ್ತೇವೆ, ಮುಖ ಮುಟ್ಟದಿದ್ದರೂ ಬರೆದುಕೊಡುತ್ತೇವೆ ಎಂದು ಹೇಳಿಸಿದರು. "ಮುಖ ಮುಟ್ಟಿಸಿ ಬರ್ಕೊಡಿ," ಎಂದು ಹೇಳಿ ಕಳಿಸಿದಳು ಬೋರಮ್ಮ. ಈ ಮಾತು ಕೇಳಿ ಪ್ರೇಮಲೀಲಾಳ ತಾಯಿ ಬೇಡವೆನ್ನಲಿಲ್ಲವಂತೆ. ಇನ್ನೊಂದು ದಿನ, ಇನ್ನು ಎರಡು ದಿನ ಕಳೆದಿದ್ದರೆ ಏನಾಗುತ್ತಿತ್ತೋ. ಒಪ್ಪಿಬಿಡುತ್ತಿದ್ದಳೋ ಏನೋ.

ಮೂರನೆಯ ದಿನ ಅನಂತಪದ್ಮನಾಭ ನನ್ನ ಮೇಜಿಗೆ ಬಂದರು. ಕೈಯಲ್ಲಿ ಕಾಫಿಯ ಲೋಟ. ನನಗಾಗಿ ತಾವೇ ತಂದಿದ್ದರು. ಅವರ ಕಣ್ಣು ಕೆಂಪಾಗಿತ್ತು.

"ನಾಗಮಣಿ, ನೀವು ನನ್ನ ತಂಗಿ ಇದ್ದ ಹಾಗೆ. ಆ ಬಣ್ಣದ ಪಾಲು ನೀವು ಬರ್ಕೊಂಡಿದ್ದೀರಂತೆ? ರಾಯರು ನೋಡಿದ್ರಂತೆ."

ಇಲ್ಲ ಎನ್ನಬಹುದಿತ್ತು. ಒಂದೇ ಪದ. ಎನ್ನಲಿಲ್ಲ.

"ನಲವತ್ತು ಜನರ ಅನ್ನ ನಿಮ್ಮ ಕೈಲಿದೆ. ಒಳ್ಳೆ ಚಿತ್ರ. ನೀವೇ ಟೈಪು ಮಾಡಿದ್ದೀರಿ, ನಿಮಗೇ ಗೊತ್ತು. ಅರ್ಧಕ್ಕೆ ನಿಲ್ಬೇಕಾ? ಬೋರಮ್ಮನವರಿಗೆ ಅನ್ಯಾಯ ಆಗೋಕೆ ನಾನು ಬಿಡಲ್ಲ."

ಅವರು ಗದರಿಸಲಿಲ್ಲ. ಹೆದರಿಸಲಿಲ್ಲ. ಹಾಗೆ ಮಾಡಿದ್ದರೆ ಕೊಡುತ್ತಿರಲಿಲ್ಲವೇನೋ. ಕಾಫಿ ತಂದಿದ್ದರು. ಡ್ರಾಯರು ತೆಗೆದೆ. ಪುಸ್ತಕ ತೆಗೆದೆ. ಹಾಳೆ ಹರಿದೆ. ಕೊಟ್ಟೆ.

ಮಾರನೆಯ ದಿನ ಕೆಲಸ ಶುರುವಾಯಿತು. ನಿಂಗಯ್ಯನ ಕಲ್ಲಿನ ಮೇಲೆ ಬೇರೆ ಯಾರೋ ಅರೆದರು. ರಾಯರ ಕೈಗೆ ಅಷ್ಟು ಹೊತ್ತಿಗೆ ತೆಳುವು ದಪ್ಪ ಅಭ್ಯಾಸವಾಗಿತ್ತು. ತೋಳು ಬೇಕಾಗಲಿಲ್ಲ.

ಚಿತ್ರ ಬಂತು. ಮೈಸೂರಿನಲ್ಲಿ ಎಂಟು ವಾರ ಓಡಿತು. 'ವರ್ಣಾಲಂಕಾರ: ಬಿಂದುಮಾಧವ' ಎಂದು ಪರದೆಯ ಮೇಲೆ ಬಂತು. ಆಮೇಲೆ ಬಾವಿಯ ದೃಶ್ಯ. ಪ್ರೇಮಲೀಲಾ ಬಿಂದಿಗೆ ಹಿಡಿದು ತಿರುಗಿದಳು. ಅವಳ ಕೆನ್ನೆಯಲ್ಲಿ ಬೋರಮ್ಮನ ತೋಳಿತ್ತು. ಕಪ್ಪು ಬಿಳುಪು ಚಿತ್ರದಲ್ಲೂ ಒಳಗಿನ ಕೆಂಪು ಇದೆಯೆಂದು ಅನಿಸುತ್ತಿತ್ತು. ನನ್ನ ಪಕ್ಕದ ಹೆಂಗಸು ಬಿಕ್ಕುತ್ತಿದ್ದಳು. "ಪಾಪ, ನಿಜವಾದ ಕೇರಿ ಹುಡುಗೀನೇ ಅನ್ಸತ್ತೆ ಅಲ್ವಾ?" ಎಂದಳು. ನಾನು ಹೌದು ಎಂದೆ.

ಬೋರಮ್ಮನನ್ನು ಹುಡುಕಲು ನನಗೆ ನಾಲ್ಕು ವರ್ಷ ಹಿಡಿಯಿತು. ಹುಡುಕುವುದು ಕಷ್ಟವಾಗಿರಲಿಲ್ಲ. ಅಶೋಕಪುರ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಲಷ್ಕರ್ ಮೊಹಲ್ಲಾದ ಊದಿನಕಡ್ಡಿ ಕಾರ್ಖಾನೆಯಲ್ಲಿದ್ದಾಳೆ ಎಂದು ಕೇರಿಯವರು ಹೇಳಿದರು. ತಗಡಿನ ಸೂರು. ನಲವತ್ತು ಹೆಂಗಸರು ಸಾಲಾಗಿ ಕೂತು ಮಣೆಯ ಮೇಲೆ ಕಡ್ಡಿ ಹೊಸೆಯುತ್ತಿದ್ದರು. ಕಡ್ಡಿಗೆ ಮೆತ್ತುವ ಇದ್ದಿಲಿನ ಹಿಟ್ಟು ಎಲ್ಲರ ಕೈಗೂ ಮೊಣಕೈವರೆಗೆ ಹತ್ತಿತ್ತು. ಬೋರಮ್ಮ ಮೂರನೆಯ ಸಾಲಿನಲ್ಲಿದ್ದಳು. ಬಿಳಿಯ ಸೀರೆ ಇರಲಿಲ್ಲ. ಆ ಕೆಲಸಕ್ಕೆ ಬಿಳಿಯ ಸೀರೆ ಆಗದು.

"ಅಮ್ಮಾರೇ! ಬನ್ನಿ ಬನ್ನಿ. ಕೂತ್ಕೊಳ್ಳಿ ಅನ್ನಕ್ಕೆ ಜಾಗಾನೇ ಇಲ್ವಲ್ಲ," ಎಂದು ನಕ್ಕಳು. ಕೈ ನಿಲ್ಲಲಿಲ್ಲ. "ನೋಡಿ, ಈ ಕಡ್ಡಿ ದೇವರ ಮುಂದೆ ಉರೀತದೆ. ಯಾರ ಕೈ ಹೊಸೀತು ಅಂತ ಒಬ್ರೂ ಕೇಳಾಕಿಲ್ಲ."

"ಬೋರಮ್ಮ, ಆ ಹಾಳೆ ನಾನೇ ಕೊಟ್ಟೆ."

"ಗೊತ್ತು."

"ಹೇಗೆ ಗೊತ್ತು?"

"ಇನ್ಯಾರ ತಾವ ಇತ್ತು?" ಒಂದು ಕಡ್ಡಿ ಹೊಸೆದು ಪಕ್ಕಕ್ಕೆ ಹಾಕಿದಳು. "ಸಿನಿಮಾ ನೋಡುದ್ರಾ? ಮುಖ ಚೆನ್ನಾಗ್ ಬಂತಾ?"

"ಬಂತು. ತುಂಬ ಚೆನ್ನಾಗಿ ಬಂತು."

"ಬರ್ದೆ ಇರ್ತದಾ. ಪಾಲು ಸರಿಯಾಗಿ ಬರೆಸಿದ್ದೆ." ಇನ್ನೊಂದು ಕಡ್ಡಿ. "ಬರೆಸ್ವಾಗ ಒಂದು ಗಳಿಗೆ ಅನಿಸ್ತು ಅಮ್ಮಾರೇ. ಒಂದು ಪಾಲು ತಪ್ಪು ಹೇಳಿಬುಡಾನಾ ಅಂತ. ನಮ್ಮಪ್ಪ ಅಂಗೇ ಮಾಡೋನು, ಯಾರಾದ್ರೂ ಕೇಳುದ್ರೆ ಒಂದು ಪಾಲು ತಪ್ಪು ಹೇಳೋನು. ನಿಮ್ ಮುಖ ನೋಡ್ದೆ. ನನ್ ಪಕ್ಕದಲ್ಲಿ ಕೂತು ಉಣ್ಣೋರು. ನಿಮ್ಗೆ ಸುಳ್ಳು ಹೇಳಕ್ಕೆ ಮನಸು ಬರ್ಲಿಲ್ಲ."

 ಚೀಲದಿಂದ ಪುಸ್ತಕ ತೆಗೆದೆ. ಹಾಳೆಯಲ್ಲಿದ್ದುದನ್ನು ನೆನಪಿನಿಂದ ಮತ್ತೆ ಬರೆದಿದ್ದೆ. ಮೇಲೆ ದೊಡ್ಡದಾಗಿ ಅವಳ ಹೆಸರು ಬರೆದಿದ್ದೆ. ಬರೆದಾಗ ಅದು ಏನೋ ದೊಡ್ಡ ಕೆಲಸ ಎನಿಸಿತ್ತು. ಮುಂದೆ ಹಿಡಿದೆ.

ಅವಳು ನೋಡಿದಳು. ಕೈ ಕಪ್ಪಾಗಿತ್ತು, ಮುಟ್ಟಲಿಲ್ಲ. ಮೊಣಕೈಯಿಂದ ಮೇಲೆ ತೋಳಿನ ಬಣ್ಣ ಹಾಗೇ ಇತ್ತು.

"ನನ್ಗೆ ಓದಕ್ ಬರಾಕಿಲ್ವಲ್ಲ. ನಾನಿಟ್ಕೊಂಡು ಏನ್ಮಾಡ್ಲಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವೇ ಮಡೀಕೊಳ್ಳಿ. ಯಾರಾದ್ರೂ ಬಂದು ಕೇಳುದ್ರೆ ಕೊಡಬೇಕಾಯ್ತದೆ."

ಮೇಸ್ತ್ರಿ ಕೂಗಿದ. ಅವಳು ಮಣೆಯ ಕಡೆಗೆ ಬಗ್ಗಿದಳು.

ಆ ಪುಸ್ತಕ ಈಗಲೂ ನನ್ನಲ್ಲೇ ಇದೆ. ಯಾರೂ ಬಂದು ಕೇಳಿಲ್ಲ.